ಪ್ಲೇಟ್ ಶಾಖ ವಿನಿಮಯಕದ ಒಳಸೋರಿಕೆ: ಪತ್ತೆ ಹಚ್ಚುವ ಕ್ರಮ, ಪತ್ತೆಗೆ ಒದಗುವ ವಿನ್ಯಾಸ

ಹಾಲಿನ ಘಟಕದಲ್ಲಿ ಹೊರಸೋರಿಕೆ ತನ್ನಷ್ಟಕ್ಕೆ ತಾನೇ ದೂರು ಕೊಡುತ್ತದೆ. ನೆಲ ಒದ್ದೆಯಾಗುತ್ತದೆ, ಯಾರಾದರೂ ಸ್ಪ್ಯಾನರ್ ಹಿಡಿದು ಬರುತ್ತಾರೆ. ಪ್ಲೇಟ್ ಶಾಖ ವಿನಿಮಯಕವೆಂದರೆ, ಸಾಲಾಗಿ ಜೋಡಿಸಿದ ತೆಳು ಲೋಹದ ತಗಡುಗಳ ಒಂದು ಬದಿಯಲ್ಲಿ ಹಾಲು, ಇನ್ನೊಂದು ಬದಿಯಲ್ಲಿ ಬಿಸಿನೀರು, ತಣ್ಣೀರು ಅಥವಾ ಬೇರೆ ಹಾಲು ಹರಿದು, ಹಾಲನ್ನು ಕಾಯಿಸುವ ಮತ್ತು ತಂಪು ಮಾಡುವ ಯಂತ್ರ. ಅದರ ಪ್ಲೇಟುಗಳ ನಡುವೆ ಹಾಲು ನೀರಿಗೆ, ಅಥವಾ ನೀರು ಹಾಲಿಗೆ ದಾಟುವ ಒಳಸೋರಿಕೆಗೆ ಅಂಥ ಸಾಕ್ಷಿ ಇರುವುದಿಲ್ಲ. ಅದು ಪೈಪಿನೊಳಗೇ ಹುಟ್ಟಿ ಪೈಪಿನೊಳಗೇ ಮುಗಿಯುತ್ತದೆ. ಹೊರಗೆ ಕಾಣುವುದು ಗ್ರಾಹಕರ ಮನೆಯಲ್ಲಿ ಕೆಟ್ಟ ಪ್ಯಾಕೆಟ್ ಮಾತ್ರ. ಅಂಥ ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು, ಹೊಸ ಯಂತ್ರ ಕೊಳ್ಳುವಾಗ ಅಥವಾ ಇರುವುದನ್ನು ಬದಲಿಸುವಾಗ ಏನನ್ನು ಕೇಳಿ ಪಡೆಯಬೇಕು ಎಂಬುದನ್ನು, ಈ ಕೆಲಸದಲ್ಲಿ ನಾನು ಕಂಡುಕೊಂಡಂತೆ, ಇಲ್ಲಿ ಬರೆಯುತ್ತಿದ್ದೇನೆ.

ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು ಹಾಸನದಿಂದ ಅರಸೀಕೆರೆಯ ಕಡೆಗೆ ಹೋಗುವ ದಾರಿಯಲ್ಲಿದ್ದ, ಗಂಟೆಗೆ 5,000 ಲೀಟರ್ ಸಾಮರ್ಥ್ಯದ ಒಂದು ಸಣ್ಣ ಘಟಕ. ಮಳೆಗಾಲದಲ್ಲಿ ಅಲ್ಲಿಂದ ಹೋದ ಕೆಲವು ಪ್ಯಾಕೆಟ್‌ಗಳು ಅವಧಿ ಮುಗಿಯುವ ಮೊದಲೇ ಕೆಡುತ್ತಿದ್ದವು. ಅದೂ ಹುಳಿಯಾಗುವ ಬದಲು ಕಹಿಯಾಗಿ, ಒಂದು ಬಗೆಯ ಹಳಸಲು ವಾಸನೆ ಬರುತ್ತಿತ್ತು. ಹಾಲು ಸರಿಯಾಗಿ ಕಾದಿದೆಯೇ ಎಂದು ನೋಡುವ ಪ್ರಯೋಗಾಲಯದ ಫಾಸ್ಫಟೇಸ್ ಪರೀಕ್ಷೆ ಪ್ರತಿದಿನವೂ ಸರಿಯಾಗಿಯೇ ಬರುತ್ತಿತ್ತು, ನೀರು ಬೆರೆತಿದೆಯೇ ಎಂದು ನೋಡುವ ಘನೀಭವನ ಬಿಂದುವಿನ ಪರೀಕ್ಷೆಯೂ ಅಷ್ಟೆ. ಮೂರು ವಾರ ಎಲ್ಲರೂ ಪ್ಯಾಕಿಂಗ್ ಯಂತ್ರವನ್ನೇ ಅನುಮಾನಿಸಿ ತೊಳೆದರು. ಕೊನೆಗೆ ದೂರು ಬಂದ ದಿನಾಂಕಗಳನ್ನೂ ಜನರೇಟರ್ ಓಡಿದ ದಿನಾಂಕಗಳನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ, ಕರೆಂಟು ಹೋಗಿ ಬಂದ ದಿನಗಳ ಹಾಲೇ ಕೆಟ್ಟಿತ್ತೆಂಬುದು ಸ್ಪಷ್ಟವಾಯಿತು. ಕರೆಂಟಿಗೂ ಕಹಿಗೂ ಏನು ಸಂಬಂಧ ಎಂಬುದು ಮುಂದೆ ಗೊತ್ತಾಗುತ್ತದೆ.

ಪ್ರಯೋಗಾಲಯದ ವರದಿ ಏಕೆ ಸಾಲದು

ತಪಾಸಣೆ ಆರಂಭಿಸುವ ಮೊದಲು ಒಂದು ಲೆಕ್ಕವನ್ನು ಕಾಗದದ ಮೇಲೆ ಮಾಡಿಕೊಳ್ಳುವುದು ಒಳ್ಳೆಯದು. ಪ್ಲೇಟಿನಲ್ಲಿ 0.1 ಮಿಲಿಮೀಟರ್ ವ್ಯಾಸದ ಒಂದು ರಂಧ್ರವಿದೆ, ಎರಡು ಬದಿಗಳ ಒತ್ತಡದ ವ್ಯತ್ಯಾಸ ಅರ್ಧ ಬಾರ್ ಎಂದಿಟ್ಟುಕೊಳ್ಳಿ. ಅಷ್ಟು ಒತ್ತಡದಲ್ಲಿ ನೀರು ಸೆಕೆಂಡಿಗೆ ಸುಮಾರು 10 ಮೀಟರ್ ವೇಗದಲ್ಲಿ ಚಿಮ್ಮುತ್ತದೆ. ರಂಧ್ರದ ಬಾಯಲ್ಲಿ ಧಾರೆ ಕಿರಿದಾಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಗಂಟೆಗೆ ಸುಮಾರು 170 ಮಿಲಿಲೀಟರ್ ದಾಟುತ್ತದೆ. ಗಂಟೆಗೆ 5,000 ಲೀಟರ್ ಹರಿವಿನಲ್ಲಿ ಇದು ಶೇ. 0.0034. ರಂಧ್ರ ಐದು ಪಟ್ಟು ಅಗಲವಾಗಿ 0.5 ಮಿಲಿಮೀಟರ್ ಆದರೂ ಬೆರೆಯುವ ನೀರು ಶೇ. 0.1ಕ್ಕಿಂತ ಕಡಿಮೆಯೇ. ಹಾಲಿಗೆ ಶೇ. 1ರಷ್ಟು ನೀರು ಬೆರೆತರೆ ಘನೀಭವನ ಬಿಂದು ಸುಮಾರು 0.005 ಡಿಗ್ರಿ ಸೆಲ್ಸಿಯಸ್ ಮಾತ್ರ ಏರುತ್ತದೆ. ಅದರ ಹತ್ತನೆಯ ಒಂದು ಪಾಲಿಗಿಂತಲೂ ಚಿಕ್ಕ ಏರಿಕೆಯನ್ನು ಆ ಬಿಂದುವನ್ನು ಅಳೆಯುವ ಯಾವ ಕ್ರಯೋಸ್ಕೋಪೂ ನಂಬುವಂತೆ ಹೇಳಲಾರದು. ಫಾಸ್ಫಟೇಸ್ ಪರೀಕ್ಷೆಯಂತೂ ಹಸಿ ಹಾಲು ಬೆರೆತಾಗ ಮಾತ್ರ ಉತ್ತರ ಕೊಡುತ್ತದೆ, ಅದೂ ಬೆರಕೆ ಹೆಚ್ಚುಕಡಿಮೆ ಶೇ. 0.1 ಮುಟ್ಟಿದ ಮೇಲೆ; ತಣ್ಣೀರು ಬೆರೆತರೆ ಅದಕ್ಕೆ ಹೇಳುವುದೇನೂ ಇಲ್ಲ.

ಆದರೆ ಜೀವಾಣುಗಳ ಲೆಕ್ಕ ಬೇರೆ. ಹಾಲನ್ನು ತಂಪು ಮಾಡಲು ತಣ್ಣೀರು ಒದಗಿಸುವ ಐಸ್ ಬ್ಯಾಂಕ್ ತೊಟ್ಟಿಯ ನೀರಿನಲ್ಲಿ ಪ್ರತಿ ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದವೆಂದರೆ, ಮೇಲಿನ ಸಣ್ಣ ರಂಧ್ರದಿಂದಲೇ ಪ್ರತಿ ಮಿಲಿಲೀಟರ್ ಹಾಲಿಗೆ ಮೂರು ನಾಲ್ಕು, ಅಂದರೆ ಅರ್ಧ ಲೀಟರ್ ಪ್ಯಾಕೆಟ್‌ಗೆ 1,700ರಷ್ಟು ಸೇರುತ್ತವೆ. ತಣ್ಣೀರಿನಲ್ಲಿ ನೆಲೆಸುವ ಸ್ಯೂಡೊಮೋನಾಸ್ ಜಾತಿಯ ಬ್ಯಾಕ್ಟೀರಿಯಾ ಫ್ರಿಜ್ಜಿನ ತಂಪಿನಲ್ಲಿಯೂ ಬೆಳೆಯುತ್ತವೆ, ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತವೆ. ಆದ್ದರಿಂದ ಅವಧಿಗೆ ಮುಂಚೆ ಕಹಿಯಾದ ಹಾಲು, ಅದರೊಂದಿಗೆ ಎಲ್ಲವೂ ಸರಿಯಿದೆ ಎನ್ನುವ ವರದಿ, ಇವೆರಡೂ ಒಟ್ಟಿಗೆ ಬಂದಾಗ ತಂಪುಗೊಳಿಸುವ ವಿಭಾಗದ ಒಳಸೋರಿಕೆಯನ್ನು ಅನುಮಾನದ ಪಟ್ಟಿಯಿಂದ ತೆಗೆಯಬಾರದು. ಈ ವಿಭಾಗದಲ್ಲಿ ಬರೀ ನೀರಿನ ಬದಲು, ಸುಲಭವಾಗಿ ಹೆಪ್ಪುಗಟ್ಟದ ಗ್ಲೈಕಾಲ್ ದ್ರಾವಣ ಬಳಸುತ್ತಿದ್ದರೆ ಅನುಮಾನ ಬಂದ ಕ್ಷಣವೇ ಹಾಲಿನ ಹರಿವನ್ನು ನಿಲ್ಲಿಸಬೇಕು. ಆಹಾರ ಕೈಗಾರಿಕೆಯಲ್ಲಿ ಪ್ರೊಪಿಲೀನ್ ಗ್ಲೈಕಾಲ್‌ಗೆ ಮಾತ್ರ ಅವಕಾಶ ಕೊಡಬೇಕು; ಎಥಿಲೀನ್ ಗ್ಲೈಕಾಲ್ ವಿಷ.

ಒತ್ತಡ ಯಾವ ಬದಿಯಲ್ಲಿ ಹೆಚ್ಚು, ಯಾವ ಹೊತ್ತಿನಲ್ಲಿ ಹೆಚ್ಚು

ರಂಧ್ರ ಎಲ್ಲಿದೆ ಎಂಬುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ದ್ರವವು ಹೆಚ್ಚು ಒತ್ತಡದ ಬದಿಯಿಂದ ಕಡಿಮೆ ಒತ್ತಡದ ಬದಿಗೆ ಹರಿಯುತ್ತದೆ. ಹಾಗಾಗಿ ಅದೇ ಬಿರುಕು ಒಂದು ಹೊತ್ತಿನಲ್ಲಿ ಹಾಲನ್ನು ನೀರಿಗೆ ಬಿಡಬಹುದು, ಇನ್ನೊಂದು ಹೊತ್ತಿನಲ್ಲಿ ನೀರನ್ನು ಹಾಲಿಗೆ ಬಿಡಬಹುದು. ಯಂತ್ರ ಓಡುತ್ತಿರುವಾಗ ಪ್ರತಿ ವಿಭಾಗದ ಒಳಬಾಯಿ ಮತ್ತು ಹೊರಬಾಯಿಯ ಗೇಜ್‌ಗಳನ್ನು ಓದಿ ಬರೆದುಕೊಳ್ಳಬೇಕು. ನಂತರ ಯಂತ್ರ ನಿಂತಾಗ, ತೊಳೆಯುವಾಗ, ಮತ್ತೆ ಶುರು ಮಾಡುವಾಗ, ಈ ಮೂರೂ ಹೊತ್ತಿನಲ್ಲಿ ಅವೇ ಗೇಜ್‌ಗಳನ್ನು ಮತ್ತೆ ಓದಬೇಕು. ಹೆಚ್ಚಿನವರು ಮೊದಲನೆಯದನ್ನು ಮಾಡಿ ಉಳಿದ ಮೂರನ್ನು ಬಿಡುತ್ತಾರೆ, ದೋಷ ಇರುವುದು ಆ ಮೂರರಲ್ಲಿಯೇ.

ನಾನು ಹೇಳಿದ ಘಟಕದಲ್ಲಿ ಓಟದ ಹೊತ್ತಿನಲ್ಲಿ ಹಾಲಿನ ಬದಿ 1.2 ಬಾರ್, ತಣ್ಣೀರಿನ ಬದಿ 0.8 ಬಾರ್ ಇತ್ತು. ಅದನ್ನು ನೋಡಿದವರು ಯಾರಾದರೂ ಇಲ್ಲಿ ನೀರು ಹಾಲಿಗೆ ಹೋಗಲು ಸಾಧ್ಯವೇ ಇಲ್ಲ ಎನ್ನುತ್ತಿದ್ದರು. ಆದರೆ ಐಸ್ ತೊಟ್ಟಿ ಆರು ಮೀಟರ್ ಎತ್ತರದ ಅಟ್ಟಣೆಯ ಮೇಲಿತ್ತು. ಹತ್ತು ಮೀಟರ್ ನೀರಿನ ಎತ್ತರಕ್ಕೆ ಹತ್ತಿರಹತ್ತಿರ ಒಂದು ಬಾರ್ ಒತ್ತಡವೆಂಬ ಲೆಕ್ಕದಂತೆ, ಕರೆಂಟು ಹೋಗಿ ಎರಡೂ ಪಂಪುಗಳು ನಿಂತ ಮೇಲೆ ಹಾಲಿನ ಬದಿ ಸೊನ್ನೆಗೆ ಇಳಿದರೂ ತಣ್ಣೀರಿನ ಬದಿಯಲ್ಲಿ 0.6 ಬಾರ್ ಉಳಿಯುತ್ತಿತ್ತು. ಇಪ್ಪತ್ತು ನಿಮಿಷದ ನಿಲುಗಡೆಯಲ್ಲಿ ಅರವತ್ತು ಮಿಲಿಲೀಟರ್‌ನಷ್ಟು ತಣ್ಣೀರು ನಿಂತ ಹಾಲಿಗೆ ಇಳಿದು, ಆ ವಿಭಾಗದ ಹದಿನೈದು ಇಪ್ಪತ್ತು ಲೀಟರ್ ಹಾಲಿನಲ್ಲಿ ಬೆರೆತು ಕೂರುತ್ತಿತ್ತು. ಜನರೇಟರ್ ಹತ್ತಿದ ಕೂಡಲೇ ಆ ಹಾಲೇ ಮೊದಲು ಪ್ಯಾಕಿಂಗ್‌ಗೆ ಹೋಗುತ್ತಿತ್ತು. ಇದರ ಮೇಲೆ, ಕರೆಂಟು ಬಂದಾಗ ಮೊದಲು ತಣ್ಣೀರಿನ ಪಂಪನ್ನು ಹಾಕುವುದು ಅಲ್ಲಿಯ ರೂಢಿ. ‘ಮೊದಲು ತಂಪು ಮಾಡ್ಕೊಂಡು ಆಮೇಲೆ ಹಾಲು ಬಿಡ್ತೀವಿ ಸಾರ್’ ಎಂದು ಆಪರೇಟರ್ ಹೇಳಿದ್ದು ಹಾಲಿನ ಮೇಲಿನ ಕಾಳಜಿಯಿಂದಲೇ. ಒತ್ತಡದ ದಿಕ್ಕನ್ನು ಅವರಿಗೆ ಯಾರೂ ವಿವರಿಸಿರಲಿಲ್ಲ.

ರಿಜನರೇಷನ್ ವಿಭಾಗದಲ್ಲಿ, ಅಂದರೆ 72 ಡಿಗ್ರಿಯಲ್ಲಿ 15 ಸೆಕೆಂಡ್ ಇದ್ದು ಬಂದ ಬಿಸಿ ಹಾಲು ಒಳಬರುವ ಹಸಿ ಹಾಲನ್ನು ಕಾಯಿಸುವ ಜಾಗದಲ್ಲಿ, ಇದೇ ಪ್ರಶ್ನೆ ಇನ್ನೂ ಗಂಭೀರ. ಒಂದೇ ಪಂಪು ಹಾಲನ್ನು ಕೊನೆಯವರೆಗೆ ತಳ್ಳುವ ವ್ಯವಸ್ಥೆಯಲ್ಲಿ ಒತ್ತಡ ದಾರಿಯುದ್ದಕ್ಕೂ ಇಳಿಯುತ್ತ ಹೋಗುವುದರಿಂದ, ಮೊದಲು ಹಾದುಹೋಗುವ ಹಸಿ ಹಾಲಿನ ಬದಿಯೇ ಯಾವಾಗಲೂ ಮೇಲುಗೈ ಪಡೆಯುತ್ತದೆ. ಆದ್ದರಿಂದಲೇ ನಡುವೆ ಬೂಸ್ಟರ್ ಪಂಪು ಇಟ್ಟು ಪಾಶ್ಚರೀಕೃತ ಹಾಲಿನ ಬದಿಯ ಒತ್ತಡವನ್ನು ಹೆಚ್ಚು ಇಡುತ್ತಾರೆ. ಅಮೆರಿಕದ ಹಾಲಿನ ನಿಯಮಾವಳಿ ಈ ಅಂತರ ಕನಿಷ್ಠ 1 ಪಿಎಸ್‌ಐ (ಸುಮಾರು 0.07 ಬಾರ್) ಇರಬೇಕೆನ್ನುತ್ತದೆ. ಎರಡು ಬದಿಗೂ ಸೇರಿದ ಒಂದು ಅಂತರಮಾಪಕ ಗೇಜ್ ಅಲ್ಲಿ ಇಲ್ಲದಿದ್ದರೆ, ಉಳಿದ ಯಾವ ಪರೀಕ್ಷೆಗಿಂತ ಮೊದಲು ಅದನ್ನು ಹಾಕಿಸಬೇಕು.

ಈ ತತ್ವ ನಮ್ಮ ಕಡೆಯವರಿಗೆ ಹೊಸದಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಸೌದೆ ಉರಿಸುವ ಕಾಫಿ ಡ್ರೈಯರ್ ನೋಡಿದವರು ಗಮನಿಸಿರಬಹುದು: ಕೊಳವೆಯೊಳಗೆ ಹೊಗೆ, ಹೊರಗೆ ಕಾಫಿಗೆ ಹೋಗುವ ಗಾಳಿ. ಫ್ಯಾನು ಕೊಳವೆಗಳಿಗೆ ಮೊದಲು ಇದ್ದು ಗಾಳಿಯನ್ನು ತಳ್ಳಿದರೆ, ಕೊಳವೆ ತೂತಾದರೂ ಗಾಳಿಯೇ ಹೊಗೆಯ ಕಡೆ ಹೋಗಿ ಚಿಮಣಿಯಲ್ಲಿ ಕಳೆದುಹೋಗುತ್ತದೆ. ಫ್ಯಾನು ಆಮೇಲೆ ಇದ್ದು ಗಾಳಿಯನ್ನು ಎಳೆದರೆ, ಅದೇ ತೂತಿನಿಂದ ಹೊಗೆ ಒಳಗೆ ಬಂದು ಇಡೀ ರಾಶಿಗೆ ಹೊಗೆವಾಸನೆ ಹಿಡಿಯುತ್ತದೆ. ತೂತು ಒಂದೇ, ನಷ್ಟ ಮಾತ್ರ ಬೇರೆ.

ಬಿಚ್ಚುವ ಮೊದಲು

ಪ್ಲೇಟುಗಳನ್ನು ಬಿಚ್ಚಲು ಅವಸರ ಮಾಡಬಾರದು. ಬಿಚ್ಚಿದ ಮೇಲೆ ಯಾವ ಸ್ಥಿತಿಯಲ್ಲಿ ಸೋರುತ್ತಿತ್ತು ಎಂಬ ಸಾಕ್ಷ್ಯ ಅಳಿದುಹೋಗುತ್ತದೆ. ಮೊದಲು ಮಾದರಿ ತೆಗೆಯಬೇಕು: ಬಿಸಿ ಹಾಲು ಆ 15 ಸೆಕೆಂಡ್ ಕಳೆಯುವ ಹೋಲ್ಡಿಂಗ್ ಟ್ಯೂಬಿನ ನಂತರ, ರಿಜನರೇಷನ್ನಿನ ನಂತರ, ತಂಪು ವಿಭಾಗದ ನಂತರ, ಶೇಖರಣಾ ತೊಟ್ಟಿಯಿಂದ, ಪ್ಯಾಕೆಟ್ಟಿನಿಂದ. ಒಂದು ಸರಣಿ ಮಾದರಿಗಳನ್ನು ಯಂತ್ರ ಒಂದು ಗಂಟೆ ಓಡಿದ ಮೇಲೆ ತೆಗೆದರೆ, ಇನ್ನೊಂದು ಸರಣಿಯನ್ನು ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹಾಕಿದ ಮೊದಲ ನಿಮಿಷಗಳಲ್ಲೇ ತೆಗೆಯಬೇಕು. ಎರಡನೆಯ ಸರಣಿಯಲ್ಲಿ ತಂಪು ವಿಭಾಗದ ನಂತರದ ಎಣಿಕೆ ಥಟ್ಟನೆ ಏರಿ, ಅದರ ಹಿಂದಿನ ಎರಡು ಕಡೆ ಕಡಿಮೆಯೇ ಉಳಿದಿದ್ದರೆ ವಿಭಾಗ ಗೊತ್ತಾದಂತೆಯೇ. ಎಲ್ಲ ಕಡೆಯೂ ಒಂದೇ ಸಮನಾಗಿ ಹೆಚ್ಚಿದ್ದರೆ ದೋಷ ಬಹುಶಃ ತೊಳೆಯುವಿಕೆಯಲ್ಲೋ ಸಾಕಷ್ಟು ಕಾಯದ ಹಾಲನ್ನು ಹಿಂದಕ್ಕೆ ತಿರುಗಿಸುವ ಫ್ಲೋ ಡೈವರ್ಷನ್ ವಾಲ್ವಿನಲ್ಲೋ ಇದೆ. ಜೊತೆಗೆ ಐಸ್ ತೊಟ್ಟಿಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ, ಮೂಸಿ ನೋಡಿ. ಬಿಸಿನೀರಿನ ಸುತ್ತಿನಲ್ಲಿ ಸುಟ್ಟ ಹಾಲಿನ ವಾಸನೆ ಇದ್ದರೆ ಕಾಯಿಸುವ ವಿಭಾಗವೂ ತಪ್ಪಿತಸ್ಥನಿರಬಹುದು.

ನಂತರ ಒತ್ತಡ ಪರೀಕ್ಷೆ. ಇದಕ್ಕೆ ಮೊದಲು ಕ್ಷಾರ ಮತ್ತು ಆಮ್ಲ ಎರಡರಿಂದಲೂ ಯಂತ್ರವನ್ನು ಚೆನ್ನಾಗಿ ತೊಳೆಯಲೇಬೇಕು, ಏಕೆಂದರೆ ಹಾಲಿನ ಕಲ್ಲು, ಅಂದರೆ ಪ್ಲೇಟಿನ ಮೇಲೆ ಗಟ್ಟಿಯಾಗಿ ಕೂತ ಹಾಲಿನ ಪದರ, ಸಣ್ಣ ರಂಧ್ರಗಳನ್ನು ಮುಚ್ಚಿ ಸುಳ್ಳು ಸಮಾಧಾನ ಕೊಡುತ್ತದೆ. ಗಡಸು ಬೋರ್‌ವೆಲ್ ನೀರು ಬಳಸುವ ಕಡೆ ನೀರಿನ ಬದಿಯ ಸುಣ್ಣದ ಪದರವೂ ಹಾಗೆಯೇ. ಯಂತ್ರ ಕೋಣೆಯ ತಾಪಕ್ಕೆ ಬಂದ ಮೇಲೆ ತಣ್ಣೀರಿನ ಬದಿಯನ್ನು ಪೂರ್ತಿ ಬಸಿದು, ಕೆಳಗಿನ ಪೈಪನ್ನು ಬಿಚ್ಚಿ ತೆರೆದಿಡಬೇಕು. ಹಾಲಿನ ಬದಿಯನ್ನು ನೀರಿನಿಂದ ತುಂಬಿಸಿ, ಮೇಲಿನ ಬಾಯಿಯಿಂದ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಕೈಪಂಪಿನಿಂದ ನಿಧಾನವಾಗಿ ಕೆಲಸದ ಒತ್ತಡದವರೆಗೆ ಏರಿಸಬೇಕು. ತಯಾರಕರು ಒಂದೇ ಬದಿಗೆ ಅನುಮತಿಸಿದ ಮಿತಿಯನ್ನು ನಾಮಫಲಕದಲ್ಲೋ ಕೈಪಿಡಿಯಲ್ಲೋ ನೋಡಿ ಖಚಿತಪಡಿಸಿಕೊಳ್ಳದೆ ಅದನ್ನು ಮೀರಬಾರದು. ಅರ್ಧ ಗಂಟೆ ಹಾಗೆಯೇ ಬಿಟ್ಟು ತೆರೆದ ಬಾಯಿಯ ಕೆಳಗೆ ಒಣ ತಟ್ಟೆ ಇಡಬೇಕು. ಮೊದಲ ಕೆಲವು ನಿಮಿಷ ಬೀಳುವ ಹನಿ ಒಳಗೆ ಉಳಿದ ನೀರಿನದೇ ಇರಬಹುದು. ಒಂದೇ ಲಯದಲ್ಲಿ ನಿಲ್ಲದೆ ಬೀಳುವ ಹನಿ ಸೋರಿಕೆಯದು. ಅನುಮಾನ ಉಳಿದರೆ ತುಂಬಿಸಿದ ನೀರಿಗೆ ಫ್ಲೂರೆಸೀನ್ ಬಣ್ಣ ಹಾಕಿ, ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಉತ್ತರ ಸ್ಪಷ್ಟವಾಗುತ್ತದೆ. ಆಮೇಲೆ ಆ ಬಣ್ಣದ ಕುರುಹೂ ಉಳಿಯದಂತೆ ತೊಳೆಯಬೇಕು.

ಬಳಿಕ ಬದಿಗಳನ್ನು ಅದಲುಬದಲು ಮಾಡಿ ಮತ್ತೆ ಅದೇ ಪರೀಕ್ಷೆ. ಇದನ್ನು ಯಾರೂ ಬಿಡಬಾರದು. ಪ್ಲೇಟು ತೆಳ್ಳನೆಯ ತಗಡು. ಒಂದು ಕಡೆಯ ಒತ್ತಡಕ್ಕೆ ಬಾಗಿ ಬಿರುಕಿನ ತುಟಿಗಳು ಕೂಡಿಕೊಳ್ಳುತ್ತವೆ, ಇನ್ನೊಂದು ಕಡೆಯ ಒತ್ತಡಕ್ಕೆ ತೆರೆದುಕೊಳ್ಳುತ್ತವೆ. ನಮ್ಮ ಘಟಕದಲ್ಲಿ ಹಾಲಿನ ಬದಿಯಿಂದ ಒತ್ತಡ ಕೊಟ್ಟಾಗ ಒಂದು ಹನಿಯೂ ಬೀಳಲಿಲ್ಲ. ನೀರಿನ ಬದಿಯಿಂದ ಕೊಟ್ಟಾಗ ಹತ್ತು ನಿಮಿಷದೊಳಗೆ ಹನಿ ಶುರುವಾಯಿತು. ಒಂದೇ ದಿಕ್ಕಿನಲ್ಲಿ ನೋಡಿ ಮುಗಿಸಿದ್ದರೆ ಯಂತ್ರ ನಿರ್ದೋಷಿ ಎಂದು ಬರೆದು ಬರುತ್ತಿದ್ದೆವು.

ಗಾಳಿ ತುಂಬಿ ಗೇಜಿನ ಇಳಿಕೆ ನೋಡುವ ಪರೀಕ್ಷೆಯೂ ಇದೆ, ಆದರೆ ಅದನ್ನು ತಯಾರಕರು ಒಪ್ಪಿದ ಕಡಿಮೆ ಒತ್ತಡದಲ್ಲಿ ಮಾತ್ರ ಮಾಡಬೇಕು. ಅದುಮಿಟ್ಟ ಗಾಳಿ ಒಮ್ಮೆಲೇ ಬಿಡುಗಡೆಯಾದರೆ ಜೀವಕ್ಕೆ ಅಪಾಯ. ತಾಪದ ಪ್ರಭಾವವನ್ನೂ ಕಳೆಯಬೇಕು. ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವ ಹಾಸನದಲ್ಲಿ ವಾಯುಮಂಡಲದ ಒತ್ತಡ ಸುಮಾರು 0.9 ಬಾರ್. ಗೇಜ್ 1 ಬಾರ್ ತೋರಿಸುವಾಗ ಒಳಗಿನ ನಿಜವಾದ ಒತ್ತಡ 1.9 ಬಾರ್ ಎಂದಾಯಿತು. ತಾಪ ಒಂದು ಡಿಗ್ರಿ ಬದಲಾದರೆ ಇದು 0.006 ಬಾರಿನಷ್ಟು ಬದಲಾಗುತ್ತದೆ. ಬೆಳಗಿನ ಚಳಿಯಲ್ಲಿ ತುಂಬಿ ಮಧ್ಯಾಹ್ನ ಓದಿದರೆ ಆರು ಡಿಗ್ರಿಯ ಏರಿಕೆ 0.04 ಬಾರ್ ಕೂಡಿಸಿ, ನಿಜವಾದ ಸೋರಿಕೆಯನ್ನೇ ಮರೆಮಾಡಬಲ್ಲದು.

ದೋಷದ ಪ್ಲೇಟನ್ನು ಗುರುತಿಸುವುದು

ಬಿಚ್ಚುವ ಮೊದಲು ಫ್ರೇಮಿನ ಎರಡು ದಪ್ಪ ತಟ್ಟೆಗಳ ನಡುವಿನ ಅಳತೆಯನ್ನು ನಾಲ್ಕೂ ಮೂಲೆಗಳಲ್ಲಿ ಅಳೆದು ಬರೆದುಕೊಳ್ಳಿ. ಅದು ತಯಾರಕರು ಕೊಟ್ಟ ಕನಿಷ್ಠ ಅಳತೆಗಿಂತ ಕಡಿಮೆ ಇದ್ದರೆ, ಹೊರಗಿನ ಹನಿ ನಿಲ್ಲಿಸಲು ಯಾರೋ ಬೋಲ್ಟುಗಳನ್ನು ಅತಿಯಾಗಿ ಬಿಗಿದು ಪ್ಲೇಟುಗಳನ್ನು ಜಜ್ಜಿದ್ದಾರೆಂದು ಅರ್ಥ. ಪ್ಲೇಟುಗಳಿಗೆ ಕ್ರಮವಾಗಿ ಸಂಖ್ಯೆ ಹಾಕಿ ತೆಗೆಯಬೇಕು. ಪ್ರತಿ ಪ್ಲೇಟಿನ ಒಂದು ಮುಖಕ್ಕೆ ಡೈ ಪೆನೆಟ್ರಂಟ್ (ಬಿರುಕಿನೊಳಗೆ ನುಗ್ಗುವ ಕೆಂಪು ಬಣ್ಣದ ದ್ರವ) ಬಳಿದು, ಅದರ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಇನ್ನೊಂದು ಮುಖಕ್ಕೆ ಬಿಳಿ ಡೆವಲಪರ್ ಸಿಂಪಡಿಸಿದರೆ, ಪಾರಾಗಿ ಬಂದ ಬಣ್ಣ ಕೆಂಪು ಚುಕ್ಕೆಯಾಗಿಯೋ ಗೆರೆಯಾಗಿಯೋ ಮೂಡುತ್ತದೆ. ಚುಕ್ಕೆಯಾದರೆ ಕ್ಲೋರೈಡಿನ ಕೊರೆತವನ್ನು ಅನುಮಾನಿಸಬೇಕು: ಹೈಪೊಕ್ಲೋರೈಟ್ ದ್ರಾವಣವನ್ನು ರಾತ್ರಿಯಿಡೀ ಒಳಗೆ ಬಿಡುವುದು ಇದಕ್ಕೆ ಸಾಮಾನ್ಯ ಕಾರಣ. ಪ್ಲೇಟುಗಳ ಏಣುಗಳು ಪರಸ್ಪರ ತಾಗುವ ಜಾಗದಲ್ಲಿ ಗೆರೆ ಮೂಡಿದರೆ ಅದು ದಣಿವಿನ ಬಿರುಕು, ಅಂದರೆ ಮತ್ತೆ ಮತ್ತೆ ಬಾಗಿ ಲೋಹ ಬಿಟ್ಟ ಬಿರುಕು. ನಮ್ಮಲ್ಲಿ ಕಂಡದ್ದು ಎರಡನೆಯದು, ಎರಡು ಪ್ಲೇಟುಗಳಲ್ಲಿ; ಕರೆಂಟು ಬಂದಾಗಲೆಲ್ಲ ವಾಲ್ವು ಪೂರ್ತಿ ತೆರೆದಿರುವಾಗಲೇ ಪಂಪು ಏಕಾಏಕಿ ಓಡಿ ಕೊಟ್ಟ ನೀರಿನ ಹೊಡೆತ ಅದರ ಮೂಲವಾಗಿತ್ತು.

ಹೊಸ ಪ್ಲೇಟು ಬರುವವರೆಗೆ ಓಡಿಸಲೇಬೇಕಾದರೆ, ದೋಷದ ಪ್ಲೇಟನ್ನು ಅದರ ಪಕ್ಕದ ಒಂದರೊಂದಿಗೆ ಜೋಡಿಯಾಗಿ ತೆಗೆದು ಎಡ ಬಲ ಜೋಡಣೆಯ ಸರದಿ ಕೆಡದಂತೆ ನೋಡಿಕೊಳ್ಳಬೇಕು; ಬಿಗಿಯುವ ಅಳತೆಯನ್ನು ಉಳಿದ ಪ್ಲೇಟುಗಳ ಸಂಖ್ಯೆಗೆ ತಕ್ಕಂತೆ ಮತ್ತೆ ಲೆಕ್ಕ ಹಾಕಬೇಕು. ವಿಭಾಗದ ತುದಿಯ ಪ್ಲೇಟುಗಳಿಗೆ ಈ ಉಪಾಯ ಸಲ್ಲದು. ಜೋಡಿಸಿದ ಮೇಲೆ ಪಕ್ಕದಿಂದ ನೋಡಿದರೆ ಅಂಚುಗಳು ಜೇನುಗೂಡಿನ ಆಕಾರದಲ್ಲಿ ಒಂದೇ ಸಮ ಕಾಣಬೇಕು.

ಸೋರಿಕೆ ನೆಲಕ್ಕೆ ಬೀಳುವಂಥ ವಿನ್ಯಾಸ

ಇಷ್ಟು ಶ್ರಮ ಏಕೆ ಬೇಕಾಯಿತೆಂದರೆ, ಎರಡು ದ್ರವಗಳ ನಡುವೆ ಇದ್ದದ್ದು ಒಂದೇ ಗೋಡೆ. ರಿಚರ್ಡ್ ಸೆಲಿಗ್‌ಮನ್ 1923ರಲ್ಲಿ ಹಾಲಿನ ಪಾಶ್ಚರೀಕರಣಕ್ಕೆಂದೇ ಪ್ಲೇಟ್ ಶಾಖ ವಿನಿಮಯಕವನ್ನು ಮಾರುಕಟ್ಟೆಗೆ ತಂದಾಗ, ಬಿಚ್ಚಿ ತೊಳೆಯಬಹುದೆಂಬುದೇ ಅದರ ದೊಡ್ಡ ಗುಣವಾಗಿತ್ತು. ಸೋರಿಕೆಯನ್ನು ತೋರಿಸುವ ಗುಣವನ್ನು ನಾವು ಬೇರೆಯಾಗಿ ಕೇಳಿ ಪಡೆಯಬೇಕು.

ಅದರಲ್ಲಿ ಒಂದು ಭಾಗ ಸಾಮಾನ್ಯ ಪ್ಲೇಟಿನಲ್ಲಿಯೂ ಇರುತ್ತದೆ. ಪ್ಲೇಟಿನ ಮೂಲೆಯ ದೊಡ್ಡ ತೂತಿನ ಸುತ್ತ ರಬ್ಬರಿನ ಗ್ಯಾಸ್ಕೆಟ್ ಎರಡು ಸಾಲಾಗಿರುತ್ತದೆ. ಆ ಎರಡರ ನಡುವಿನ ಜಾಗ ಅಂಚಿನ ಸಣ್ಣ ಕಚ್ಚಿನ ಮೂಲಕ ಹೊರಗಿನ ಗಾಳಿಗೆ ತೆರೆದಿರುತ್ತದೆ. ಒಂದು ಸಾಲು ಸೋತರೆ ದ್ರವ ಇನ್ನೊಂದು ಬದಿಗೆ ಹೋಗದೆ ಆ ಕಚ್ಚಿನಿಂದ ನೆಲಕ್ಕೆ ಬೀಳುತ್ತದೆ. ಒಂದು ಕಡೆ ಈ ಕಚ್ಚುಗಳನ್ನು, ‘ಹನಿ ನಿಲ್ಲುತ್ತಿಲ್ಲ’ ಎಂಬ ಕಾರಣಕ್ಕೆ, ಎಪಾಕ್ಸಿ ಲೇಪದಿಂದ ಮುಚ್ಚಿದ್ದನ್ನು ನಾನು ಕಣ್ಣಾರೆ ಕಂಡೆ. ಅದನ್ನು ನೋಡಿ ನಿಜಕ್ಕೂ ನೋವಾಯಿತು. ಹಾಗೆ ಮುಚ್ಚಿದ ಮೇಲೆ ಹೊರಗೆ ಬೀಳುತ್ತಿದ್ದ ಹನಿಗೆ ಉಳಿಯುವುದು ಒಂದೇ ದಾರಿ, ಅದು ಹಾಲಿನೊಳಕ್ಕೆ. ಪ್ರತಿ ಬಾರಿ ಗ್ಯಾಸ್ಕೆಟ್ ಬದಲಿಸುವಾಗಲೂ ಅಂಟು, ಸುಣ್ಣ, ಬಣ್ಣ ಈ ಕಚ್ಚುಗಳನ್ನು ಮುಚ್ಚಿಲ್ಲವೆಂದು ತೆಳು ತಂತಿ ಹಾಯಿಸಿ ನೋಡಬೇಕು.

ಆದರೆ ಈ ಏರ್ಪಾಡು ಗ್ಯಾಸ್ಕೆಟ್ಟಿನ ಸೋರಿಕೆಗೆ ಮಾತ್ರ. ಪ್ಲೇಟೇ ಬಿರುಕು ಬಿಟ್ಟರೆ ಅದಕ್ಕೆ ಗೊತ್ತಾಗುವುದಿಲ್ಲ. ಆ ಕೊರತೆ ತುಂಬುವುದು ಎರಡು ಗೋಡೆಯ ಪ್ಲೇಟು: ಎರಡು ತಗಡುಗಳನ್ನು ಒಂದರ ಮೇಲೊಂದು ಕೂರಿಸಿ, ಮೂಲೆಯ ತೂತುಗಳ ಸುತ್ತ ಮಾತ್ರ ಬೆಸೆದು, ಉಳಿದ ಅಂಚನ್ನು ತೆರೆದು ಬಿಟ್ಟಿರುತ್ತಾರೆ. ಒಂದು ತಗಡು ಒಡೆದರೆ ದ್ರವ ನಡುವಿನ ಸಂದಿಗೆ ಬಂದು ಅಂಚಿನಿಂದ ಹೊರಗೆ ಒಸರುತ್ತದೆ, ಇನ್ನೊಂದು ತಗಡು ಅಷ್ಟು ಹೊತ್ತು ಕಾವಲಿರುತ್ತದೆ. ನಡುವಿನ ಸಂದಿ ಶಾಖಕ್ಕೆ ಅಡ್ಡಿಯಾಗುವುದರಿಂದ ಅದೇ ಕೆಲಸಕ್ಕೆ ಹೆಚ್ಚು ಪ್ಲೇಟು ಬೇಕು, ಬೆಲೆಯೂ ಹೆಚ್ಚು. ಎಲ್ಲ ವಿಭಾಗಕ್ಕೂ ಇದನ್ನು ಹಾಕುವ ಶಕ್ತಿ ಸಣ್ಣ ಘಟಕಕ್ಕೆ ಇರಲಾರದು. ನನ್ನ ಅಭಿಪ್ರಾಯದಲ್ಲಿ ಮೊದಲು ತಂಪು ವಿಭಾಗಕ್ಕೆ ಹಾಕಬೇಕು, ಏಕೆಂದರೆ ಅದರ ನಂತರ ಹಾಲನ್ನು ಕಾಯಿಸುವ ಯಾವ ಹಂತವೂ ಇಲ್ಲ. ಕೊಳವೆ ಮಾದರಿಯ ವಿನಿಮಯಕವಾದರೆ ಕೊಳವೆಗಳ ತುದಿಯನ್ನು ಹಿಡಿದಿಡುವ ತಟ್ಟೆ, ಅಂದರೆ ಟ್ಯೂಬ್ ಶೀಟ್, ಎರಡು ಇರುವುದನ್ನು ಕೇಳಬೇಕು. ಅವೆರಡರ ನಡುವಿನ ತೆರೆದ ಜಾಗದಲ್ಲಿ ಕೊಳವೆಯ ಬೆಸುಗೆ ಸೋರಿದ್ದು ಕಣ್ಣಿಗೇ ಬೀಳುತ್ತದೆ. ಅಮೆರಿಕದ ಇಡಾಹೊದಲ್ಲಿ 1964ರಿಂದ 1994ರವರೆಗೆ ನಡೆದ ಇಬಿಆರ್-2 ಅಣು ರಿಯಾಕ್ಟರಿನಲ್ಲಿ ಸೋಡಿಯಂ ಮತ್ತು ನೀರನ್ನು ಬೇರ್ಪಡಿಸಲು ಕೊಳವೆಯೊಳಗೆ ಕೊಳವೆ ಇಟ್ಟದ್ದೂ ಒಂದೇ ಗೋಡೆಯನ್ನು ನಂಬಬಾರದೆಂಬ ಯೋಚನೆಯಿಂದಲೇ.

ಇನ್ನೊಂದು ಉಪಾಯ ಕಡಿಮೆ ಖರ್ಚಿನದು. ದೊಡ್ಡ ಐಸ್ ತೊಟ್ಟಿಯ ನೀರನ್ನು ನೇರವಾಗಿ ಹಾಲಿನ ವಿನಿಮಯಕಕ್ಕೆ ತರದೆ, ನಡುವೆ ಬೇರೆ ನೀರು ತಿರುಗುವ ಒಂದು ಸಣ್ಣ ಮುಚ್ಚಿದ ಸುತ್ತನ್ನು ಇಡುವುದು. ಮೇಲೆ ಹೇಳಿದ ಸಣ್ಣ ರಂಧ್ರದಿಂದ ಇಪ್ಪತ್ತು ಗಂಟೆಯಲ್ಲಿ 3.4 ಲೀಟರ್ ಹಾಲು ದಾಟುತ್ತದೆ. 10,000 ಲೀಟರ್ ತೊಟ್ಟಿಯಲ್ಲಿ ಅದು ಶೇ. 0.034 ಆಗಿ ಕಳೆದುಹೋಗುತ್ತದೆ, 300 ಲೀಟರಿನ ಸುತ್ತಿನಲ್ಲಾದರೆ ಶೇ. 1ನ್ನು ದಾಟಿ ನೀರು ಬೆಳ್ಳಗಾಗುತ್ತದೆ. ಆ ಸುತ್ತಿನಲ್ಲಿ ನೀರು ಹಿಂದಿರುಗುವ ಪೈಪಿಗೆ ಒಂದು ಗಾಜಿನ ಕಿಟಕಿ ಹಾಕಿದರೆ ಶಿಫ್ಟಿಗೆ ಒಮ್ಮೆ ನೋಡಿದರೂ ಸಾಕು. ಇದು ಕೆಲಸ ಮಾಡುವುದು ಹಾಲಿನ ಬದಿಯ ಒತ್ತಡ ಎಲ್ಲ ಹೊತ್ತಿನಲ್ಲಿಯೂ ಹೆಚ್ಚಿದ್ದಾಗ ಮಾತ್ರ. ಆದ್ದರಿಂದ ಆ ಸುತ್ತಿನ ತೊಟ್ಟಿಯನ್ನು ವಿನಿಮಯಕಕ್ಕಿಂತ ಕೆಳಗೆ ಇಡಬೇಕು, ಹಾಲಿನ ಪಂಪು ಓಡದೆ ತಣ್ಣೀರಿನ ಪಂಪು ಓಡದಂತೆ ವಿದ್ಯುತ್ ಜೋಡಣೆ ಇರಬೇಕು.

ಉಳಿದವು ಸಣ್ಣ ವಿಷಯಗಳು, ಆದರೆ ಅವಿಲ್ಲದೆ ದೊಡ್ಡವು ವ್ಯರ್ಥ. ಪ್ರತಿ ವಿಭಾಗವನ್ನೂ ಬೇರೆಯಾಗಿ ಮುಚ್ಚಿ ಪರೀಕ್ಷಿಸಲು ವಾಲ್ವುಗಳು, ತೀರ ಕೆಳಗೆ ಬಸಿಯುವ ಬಾಯಿ, ಯಂತ್ರದ ಕೆಳಗೆ ಒಣಗಿರುವ ಸ್ಟೀಲ್ ತಟ್ಟೆ, ಅದನ್ನು ಬಗ್ಗಿ ನೋಡಲು ಬೇಕಾದಷ್ಟು ಎತ್ತರದ ಕಾಲುಗಳು. ಎರಡು ಗೋಡೆಯ ಸಂದಿ ಬಹಳ ಕಿರಿದಾದ್ದರಿಂದ ಮೊದಲ ಹನಿ ಹೊರಬರಲು ಕೆಲವೊಮ್ಮೆ ದಿನಗಳೇ ಬೇಕಾಗುತ್ತವೆ. ನೆಲ ಸದಾ ಒದ್ದೆಯಿರುವ ಕಡೆ ಆ ಹನಿ ಯಾರ ಕಣ್ಣಿಗೂ ಬೀಳುವುದಿಲ್ಲ.

ನಾನು ಹೇಳಿದ ಘಟಕದಲ್ಲಿ ಎರಡು ಗೋಡೆಯ ಪ್ಲೇಟಿಗೆ ಹಣ ಒದಗಲಿಲ್ಲ. ಎರಡು ಪ್ಲೇಟು ಬದಲಿಸಿದರು, ತಣ್ಣೀರಿನ ಪಂಪಿಗೆ ನಿಧಾನವಾಗಿ ತೆರೆಯುವ ವಾಲ್ವು ಹಾಕಿದರು, ಅಟ್ಟಣೆಯ ತೊಟ್ಟಿಯಿಂದ ಬರುವ ಪೈಪಿಗೆ ಕರೆಂಟು ಹೋದ ಕೂಡಲೇ ತಾನಾಗಿ ಮುಚ್ಚಿಕೊಳ್ಳುವ ವಾಲ್ವನ್ನೂ, ಅದರ ಈಚೆಗೆ ಉಳಿದ ಒತ್ತಡವನ್ನು ಚರಂಡಿಗೆ ಬಿಡುವ ಇನ್ನೊಂದನ್ನೂ ಕೂರಿಸಿದರು. ಕರೆಂಟು ಹೋಗಿ ಬಂದ ಮೇಲಿನ ಮೊದಲ ಹಾಲನ್ನು ಪ್ಯಾಕಿಂಗ್‌ಗೆ ಬಿಡದೆ ಯಂತ್ರಕ್ಕೆ ಹಸಿ ಹಾಲು ಒದಗಿಸುವ ಬ್ಯಾಲೆನ್ಸ್ ಟ್ಯಾಂಕಿಗೆ ಹಿಂದಿರುಗಿಸುವ ನಿಯಮವೂ ಬಂತು. ಎರಡೂ ದಿಕ್ಕಿನ ಒತ್ತಡ ಪರೀಕ್ಷೆಯನ್ನು ಈಗ ವರ್ಷಕ್ಕೆ ಎರಡು ಬಾರಿ ಮಾಡುತ್ತಾರೆ, ಅದರಲ್ಲಿ ಒಂದನ್ನು ಮೇ ತಿಂಗಳಲ್ಲಿ, ಮಳೆ ಹಿಡಿದು ಕರೆಂಟು ಕೈಕೊಡಲು ತೊಡಗುವ ಮೊದಲು.